ದೀವ್ ದ್ವೀಪಕ್ಕೆ ನೆಮ್ಮದಿಯಾಗಿ ಹೋಗಿಬರಲು: ವಾರ, ತಿಥಿ, ಕಡಲಿನ ಏರಿಳಿತ ನೋಡಿ ಹೊರಡುವವರಿಗೊಂದು ಸಮಗ್ರ ಮಾರ್ಗದರ್ಶಿ

ಸೌರಾಷ್ಟ್ರದ ದಕ್ಷಿಣ ಅಂಚಿನಲ್ಲಿ, ಗುಜರಾತಿನ ನೆಲದಿಂದ ಒಂದು ಕಿರಿದಾದ ಕಡಲ ಕಾಲುವೆಯಷ್ಟೇ ದೂರದಲ್ಲಿ ಮಲಗಿರುವ ದ್ವೀಪ ದಿಯು. ಪತ್ರಿಕೆಗಳಲ್ಲಿ ದಿಯು ಎಂದು ಅಚ್ಚಾಗುತ್ತದೆ. ಊರಿನವರ ಬಾಯಲ್ಲಿ ಅದು ದೀವ್, ಅಂದರೆ 'ದ್ವೀಪ' ಎಂಬ ಸಂಸ್ಕೃತ ಪದವೇ ಸವೆದು ಉಳಿದ ರೂಪ. ಪೂರ್ವ–ಪಶ್ಚಿಮವಾಗಿ ಸುಮಾರು 11 ಕಿಲೋಮೀಟರ್ ಉದ್ದ, ಅತಿ ಅಗಲವಾದ ಕಡೆಯಲ್ಲಿ ಸುಮಾರು 3 ಕಿಲೋಮೀಟರ್ ಅಗಲ. ಇಷ್ಟು ಸಣ್ಣ ನೆಲದ ಮೇಲೆ ಸಮುದ್ರವೇ ಅಭಿಷೇಕ ಮಾಡುವ ಐದು ಶಿವಲಿಂಗಗಳು, ಪೋರ್ಚುಗೀಸರ ಕಾಲದ ಮೂರು ದೊಡ್ಡ ಚರ್ಚುಗಳು, ಪಾರ್ಸಿಗಳ ವಲಸೆಯ ನೆನಪು, ಜಲಂಧರನೆಂಬ ಅಸುರನ ಗುಡಿ, ಮೂರು ಕಡೆ ಕಡಲು ಸುತ್ತಿದ ಕೋಟೆ ಎಲ್ಲವೂ ಇವೆ. ಉದ್ದನೆಯ ಮರಳ ದಂಡೆಗಳಂತೂ ಇದ್ದೇ ಇವೆ.

ಆದರೂ ದೀವ್‌ಗೆ ಹೋಗಿ ಬಂದ ಇಬ್ಬರನ್ನು ಕೇಳಿದರೆ ಎರಡು ಬೇರೆ ಬೇರೆ ಊರುಗಳ ವರ್ಣನೆ ಸಿಗುತ್ತದೆ. ಒಬ್ಬರು ಖಾಲಿ ದಂಡೆ, ನಿಶ್ಶಬ್ದ ಓಣಿ, ಗಂಟೆಗೊಮ್ಮೆ ಹಾದುಹೋಗುವ ಸೈಕಲ್ಲಿನ ಬಗ್ಗೆ ಹೇಳುತ್ತಾರೆ. ಇನ್ನೊಬ್ಬರು ವಾಹನ ದಟ್ಟಣೆ, ಧ್ವನಿವರ್ಧಕ, ಕೋಣೆ ಸಿಗದ ರಾತ್ರಿಯ ಬಗ್ಗೆ ಹೇಳುತ್ತಾರೆ. ಇಬ್ಬರ ಮಾತೂ ನಿಜ. ದೀವ್‌ನ ಶಾಂತಿ ಎಲ್ಲ ದಿನವೂ ತಾನಾಗಿ ಸಿಗುವಂಥದ್ದಲ್ಲ. ಯಾವ ವಾರ ಹೋಗುತ್ತೀರಿ, ಯಾವ ತಿಥಿಯಲ್ಲಿ ಹೋಗುತ್ತೀರಿ, ದಿನದ ಯಾವ ಹೊತ್ತಿನಲ್ಲಿ ಎಲ್ಲಿರುತ್ತೀರಿ ಎಂಬುದರ ಮೇಲೆ ಅದು ನಿಂತಿದೆ. ಈ ಕಾರಣಕ್ಕೆ, ನೋಡಬೇಕಾದ ಸ್ಥಳಗಳ ಪಟ್ಟಿಗಿಂತ ಮೊದಲು ದಿನದರ್ಶಿಕೆಯನ್ನು ಕೈಗೆತ್ತಿಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಮೊದಲ ಹೆಜ್ಜೆ: ದಿನಗಳನ್ನು ಗೊತ್ತು ಮಾಡಿಕೊಳ್ಳುವುದು

ಗುಜರಾತಿನಲ್ಲಿ ಪಾನನಿಷೇಧ ಜಾರಿಯಲ್ಲಿದೆ. ದೀವ್ ಗುಜರಾತಿಗೆ ಸೇರಿಲ್ಲ; 1961ರವರೆಗೆ ಪೋರ್ಚುಗೀಸರ ಕೈಯಲ್ಲಿದ್ದು, ಬಳಿಕ ಗೋವಾ, ದಮನ್‌ಗಳೊಂದಿಗೆ ಕೇಂದ್ರಾಡಳಿತ ಪ್ರದೇಶವಾಗಿ, 1987ರಲ್ಲಿ ಗೋವಾ ರಾಜ್ಯವಾದಾಗ ದಮನ್ ಜೊತೆಗೆ ಉಳಿದು, 2020ರ ಜನವರಿ 26ರಿಂದ ದಾದ್ರಾ ಮತ್ತು ನಗರ ಹವೇಲಿಯನ್ನೂ ಕೂಡಿಸಿಕೊಂಡ ಕೇಂದ್ರಾಡಳಿತ ಪ್ರದೇಶದ ಒಂದು ಜಿಲ್ಲೆಯಾಗಿದೆ. ಇಲ್ಲಿ ಮದ್ಯ ಮಾರಾಟಕ್ಕೆ ಅವಕಾಶವಿದೆ. ಈ ಒಂದು ಆಡಳಿತ ವ್ಯತ್ಯಾಸದಿಂದಾಗಿ ಶುಕ್ರವಾರ ಸಂಜೆಯಿಂದ ಭಾನುವಾರ ಮಧ್ಯಾಹ್ನದವರೆಗೆ ಸೌರಾಷ್ಟ್ರದ ಊರುಗಳಿಂದ ಜನ ಇತ್ತ ಹರಿದುಬರುತ್ತಾರೆ. ಆದ್ದರಿಂದ ನೆಮ್ಮದಿ ಬಯಸುವವರು ಸೋಮವಾರ ದ್ವೀಪಕ್ಕೆ ಕಾಲಿಟ್ಟು ಶುಕ್ರವಾರ ಬೆಳಗ್ಗೆ ಹೊರಟುಬಿಡುವಂತೆ ಯೋಜಿಸಬೇಕು. ನಾಲ್ಕು ರಾತ್ರಿ ಹೆಚ್ಚೆನಿಸಿದರೆ ಮೂರು ಸಾಕು. ಎರಡಕ್ಕಿಂತ ಕಡಿಮೆ ಮಾಡಬೇಡಿ.

ವಾರ ನೋಡಿದ ಮೇಲೆ ಹಬ್ಬಗಳನ್ನು ನೋಡಬೇಕು. ನಮ್ಮಲ್ಲಿ ಬಲಿಪಾಡ್ಯಮಿ ಎಂದು ಆಚರಿಸುವ ಕಾರ್ತಿಕ ಶುದ್ಧ ಪಾಡ್ಯಮಿಯೇ ಗುಜರಾತಿಗರ ಹೊಸ ವರ್ಷ. ಅಂದಿನಿಂದ ಪಂಚಮಿಯವರೆಗೆ, ಅವರು ಲಾಭ ಪಂಚಮಿ ಎಂದು ಕರೆಯುವ ದಿನದ ತನಕ, ಅನೇಕ ವ್ಯಾಪಾರಸ್ಥರು ಅಂಗಡಿ ಮುಚ್ಚಿ ಕುಟುಂಬ ಸಮೇತ ಪ್ರವಾಸ ಹೊರಡುತ್ತಾರೆ. ದೀವ್ ವರ್ಷದಲ್ಲೇ ಅತಿ ಹೆಚ್ಚು ತುಂಬಿ ತುಳುಕುವ ದಿನಗಳಲ್ಲಿ ಇವೂ ಸೇರಿವೆ. ಕನ್ನಡಿಗರಿಗೆ ದೀಪಾವಳಿ ಮೂರು ದಿನಕ್ಕೆ ಮುಗಿಯುವುದರಿಂದ ಆ ಮರುದಿನವೇ ಹೊರಟರೆ ಊರು ಖಾಲಿಯಿರುತ್ತದೆ ಎಂದು ಭಾವಿಸುವುದು ಸಹಜ. ಹಾಗೆ ಭಾವಿಸಿ ಮೋಸಹೋಗಬೇಡಿ. ಕ್ರಿಸ್‌ಮಸ್ಸಿನಿಂದ ಹೊಸ ವರ್ಷದವರೆಗಿನ ವಾರವನ್ನೂ ಬಿಟ್ಟುಬಿಡಿ.

ಹವೆಯ ಮಾತು ಬೇಗ ಮುಗಿಯುತ್ತದೆ. ದೀವ್ ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ಕೆಳಗೆ, ಸುಮಾರು 20.7 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಉಷ್ಣವಲಯದ ದ್ವೀಪ. ನವೆಂಬರ್ ಮಧ್ಯದಿಂದ ಫೆಬ್ರವರಿ ಕೊನೆಯವರೆಗೆ ಹಗಲು ಹಿತವಾಗಿರುತ್ತದೆ, ರಾತ್ರಿ ಒಂದು ತೆಳು ಶಾಲು ಬೇಕಾಗುತ್ತದೆ. ಮಾರ್ಚ್ ನಂತರ ಬಿಸಿಲು ಏರುತ್ತದೆ. ಮುಂಗಾರಿನಲ್ಲಿ, ಅಂದರೆ ಜೂನ್‌ನಿಂದ ಆಗಸ್ಟ್‌ವರೆಗೆ, ಕಡಲು ಕೆರಳಿರುತ್ತದೆ. ಆ ತಿಂಗಳುಗಳಲ್ಲಿ ಆಡಳಿತ ಸಮುದ್ರಸ್ನಾನವನ್ನು ನಿಷೇಧಿಸುವುದು ವಾಡಿಕೆ. ನನ್ನ ಆಯ್ಕೆ ಜನವರಿಯ ಎರಡನೆಯ ವಾರದಿಂದ ಫೆಬ್ರವರಿ ಮಧ್ಯದವರೆಗಿನ ಅವಧಿ.

ಎರಡನೆಯ ಹೆಜ್ಜೆ: ಕಡಲಿನ ಏರಿಳಿತದ ಲೆಕ್ಕ

ಈ ಹೆಜ್ಜೆಯನ್ನು ಹೆಚ್ಚಿನ ಪ್ರವಾಸಿಗರು ಬಿಟ್ಟುಬಿಡುತ್ತಾರೆ. ದೀವ್‌ನ ಅತ್ಯಂತ ಅಪೂರ್ವವಾದ ದೇವಾಲಯವನ್ನು ಅರ್ಧಂಬರ್ಧ ನೋಡಿ ಹಿಂದಿರುಗುವುದೂ ಇದೇ ಕಾರಣಕ್ಕೆ. ಕಡಲಂಚಿನ ಆ ದೇವಾಲಯವಾದ ಗಂಗೇಶ್ವರದ ಐದು ಲಿಂಗಗಳು ನೀರಿನಿಂದ ಮೇಲೆ ಕಾಣಬೇಕಾದರೂ, ಅಲೆಗಳಲ್ಲಿ ಮುಳುಗಿ ಏಳುವುದನ್ನು ನೋಡಬೇಕಾದರೂ, ಉಬ್ಬರ ಯಾವಾಗ, ಇಳಿತ ಯಾವಾಗ ಎಂಬುದು ಮೊದಲೇ ತಿಳಿದಿರಬೇಕು.

ಲೆಕ್ಕ ಕಷ್ಟದ್ದಲ್ಲ. ಈ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಉಬ್ಬರದಿಂದ ಇಳಿತಕ್ಕೆ ಅದರ ಅರ್ಧ, ಆರು ಗಂಟೆಗಿಂತ ತುಸು ಹೆಚ್ಚು. ಹೀಗಾಗಿ ಪ್ರತಿ ದಿನ ಉಬ್ಬರದ ಹೊತ್ತು ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಇಂದು ಬೆಳಗ್ಗೆ 8 ಗಂಟೆಗೆ ನೀರು ಪೂರ್ಣ ಏರಿದ್ದರೆ ನಾಳೆ 8.50ರ ಆಸುಪಾಸು, ನಾಡಿದ್ದು 9.40ರ ಆಸುಪಾಸು ಎಂದು ಎಣಿಸಬಹುದು. ಅಮಾವಾಸ್ಯೆ ಮತ್ತು ಹುಣ್ಣಿಮೆಯಂದು ಹಾಗೂ ಅವುಗಳ ಮರು ಒಂದೆರಡು ದಿನಗಳಲ್ಲಿ ನೀರು ಅತಿ ಹೆಚ್ಚು ಏರಿ, ಅತಿ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಸುತ್ತಮುತ್ತ ಏರಿಳಿತ ಮಂದವಾಗಿರುತ್ತದೆ. ಚಂದ್ರನೂ ಸೂರ್ಯನೂ ಭೂಮಿಯೊಂದಿಗೆ ಒಂದೇ ಸಾಲಿಗೆ ಬಂದಾಗ ಇಬ್ಬರ ಸೆಳೆತವೂ ಕೂಡಿಕೊಳ್ಳುವುದು ಇದಕ್ಕೆ ಕಾರಣ. ನಮ್ಮ ಕರಾವಳಿಯ ಮೀನುಗಾರರು ಭರತ–ಇಳಿತ ಎನ್ನುವುದನ್ನು ಇಲ್ಲಿನವರು ಭರತೀ–ಓಟ್ ಎನ್ನುತ್ತಾರೆ. ಈ ಎರಡು ಪದ ನೆನಪಿಟ್ಟುಕೊಂಡರೆ ದಾರಿಯಲ್ಲಿ ಯಾರನ್ನಾದರೂ ಕೇಳಿ ತಿಳಿಯಬಹುದು.

ಹೊರಡುವ ಮುನ್ನ ದೀವ್ ಅಥವಾ ವೆರಾವಲ್ ಬಂದರಿನ ಏರಿಳಿತದ ವೇಳಾಪಟ್ಟಿಯನ್ನು ಮೊಬೈಲಿನಲ್ಲಿ ತೆರೆದು, ನೀವು ಅಲ್ಲಿರುವ ದಿನಗಳ ಉಬ್ಬರದ ಹೊತ್ತುಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಹುಣ್ಣಿಮೆ ಅಥವಾ ಅಮಾವಾಸ್ಯೆ ವಾರದ ನಡುವೆ ಬೀಳುವಂಥ ವಾರ ಸಿಕ್ಕರೆ ಅದನ್ನೇ ಆರಿಸಿ. ಹುಣ್ಣಿಮೆಯಾದರೆ ರಾತ್ರಿ ದಂಡೆಯ ಬೆಳದಿಂಗಳೂ ಸಿಗುತ್ತದೆ.

ಮೂರನೆಯ ಹೆಜ್ಜೆ: ತಲುಪುವ ದಾರಿ

ಭಾರತೀಯರಿಗೆ ದೀವ್ ಪ್ರವೇಶಕ್ಕೆ ಯಾವ ಪರವಾನಗಿಯೂ ಬೇಡ. ಕರ್ನಾಟಕದಿಂದ ಹೊರಡುವವರಿಗೆ ಅಹಮದಾಬಾದ್‌ವರೆಗೆ ವಿಮಾನ ಅಥವಾ ರೈಲು, ಅಲ್ಲಿಂದ ರೈಲಿನಲ್ಲಿ ವೆರಾವಲ್ ಅಥವಾ ಸೋಮನಾಥ, ಅಲ್ಲಿಂದ ರಸ್ತೆಯಲ್ಲಿ ಸುಮಾರು 90 ಕಿಲೋಮೀಟರ್ ಎಂಬುದು ನೆಚ್ಚಬಹುದಾದ ದಾರಿ. ಸಮಯವಿದ್ದು ರೈಲು ಪ್ರಯಾಣ ಇಷ್ಟಪಡುವವರು ವಾರಕ್ಕೊಮ್ಮೆ ಕೊಂಕಣ ರೈಲು ಮಾರ್ಗದಲ್ಲಿ ಓಡುವ ತಿರುವನಂತಪುರ–ವೆರಾವಲ್ ಎಕ್ಸ್‌ಪ್ರೆಸ್ ಹಿಡಿಯಬಹುದು. ನಮ್ಮ ಕರಾವಳಿಯವರಿಗೆ ಇದರಿಂದ ರೈಲು ಬದಲಿಸುವ ತೊಂದರೆಯೇ ತಪ್ಪುತ್ತದೆ. ದೀವ್‌ನಲ್ಲೇ ನಾಗ್ವಾ ದಂಡೆಯ ಬಳಿ ಒಂದು ಪುಟ್ಟ ವಿಮಾನ ನಿಲ್ದಾಣವಿದೆ, ಆದರೆ ಅಲ್ಲಿಗೆ ಬರುವ ವಿಮಾನಗಳ ವೇಳೆ ಆಗಾಗ ಬದಲಾಗುವುದರಿಂದ ಅದನ್ನೇ ನಂಬಿ ಇಡೀ ಪ್ರವಾಸ ಕಟ್ಟುವುದು ಜಾಣತನವಲ್ಲ.

ರಸ್ತೆಯಲ್ಲಿ ಬರುವ ಎಲ್ಲರೂ ಮೊದಲು ಊನಾ ಪಟ್ಟಣಕ್ಕೆ ಬರುತ್ತಾರೆ. ಅಲ್ಲಿಂದ ದ್ವೀಪ ಸುಮಾರು 15 ಕಿಲೋಮೀಟರ್. ದ್ವೀಪಕ್ಕೆ ಎರಡು ಸೇತುವೆಗಳಿವೆ: ಪೂರ್ವದಲ್ಲಿ ಘೋಘ್ಲಾದ ಮೂಲಕ ನೇರವಾಗಿ ದೀವ್ ಪಟ್ಟಣಕ್ಕೆ ಇಳಿಯುವುದು ಒಂದು, ತಡ್ ತಪಾಸಣಾ ಠಾಣೆಯ ಮೂಲಕ ದ್ವೀಪದ ನಡುಭಾಗಕ್ಕೆ ಬರುವುದು ಇನ್ನೊಂದು. ಮೊದಲ ಸಲ ಹೋಗುವವರು ಘೋಘ್ಲಾ ದಾರಿಯನ್ನೇ ಹಿಡಿಯಲಿ. ಸೇತುವೆಯ ಮೇಲಿನಿಂದ ಒಂದು ಕಡೆ ಪಟ್ಟಣದ ಬಿಳಿ ಚರ್ಚುಗಳು, ಇನ್ನೊಂದು ಕಡೆ ಕೋಟೆ, ಕೋಟೆಗೂ ಘೋಘ್ಲಾಕ್ಕೂ ನಡುವೆ ನೀರಿನಲ್ಲಿ ನಿಂತ ಹಡಗಿನಂತೆ ತೋರುವ ಪಾಣೀಕೋಠಾ ಎಂಬ ಸಣ್ಣ ಜಲದುರ್ಗ. ಇಡೀ ಊರಿನ ನಕ್ಷೆ ಆ ಒಂದೇ ನೋಟದಲ್ಲಿ ಮನಸ್ಸಿಗೆ ಇಳಿಯುತ್ತದೆ.

ವಸತಿಗೆ ಮೂರು ನೆಲೆಗಳಿವೆ. ಪಟ್ಟಣದೊಳಗೆ ಉಳಿದರೆ ಕೋಟೆ, ಚರ್ಚುಗಳು, ಬಂದರ್ ಚೌಕ, ಮಾರುಕಟ್ಟೆ ಎಲ್ಲವೂ ನಡಿಗೆಯ ದೂರದಲ್ಲಿ ಸಿಗುತ್ತವೆ. ನಾಗ್ವಾದಲ್ಲಿ ದಂಡೆ ಎದುರಿಗೇ ಇರುತ್ತದೆ, ಆದರೆ ಪ್ರವಾಸಿಗರ ಗದ್ದಲವೂ ಅಲ್ಲೇ. ಘೋಘ್ಲಾದಲ್ಲಿ ದಂಡೆ ಉದ್ದವಾಗಿದೆ, ಆದರೆ ಅದು ದ್ವೀಪದ ಮೇಲಿಲ್ಲ, ಗುಜರಾತಿನ ನೆಲಕ್ಕೆ ಅಂಟಿದ ತುಂಡು. ಪರಂಪರೆಯನ್ನು ನೋಡಲು ಬರುವವರಿಗೆ ಪಟ್ಟಣವೇ ಸರಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ, ಏಕೆಂದರೆ ಹಳೆಯ ಓಣಿಗಳ ಅಂದ ತಿಳಿಯುವುದು ಬೆಳಗ್ಗೆ ಏಳರ ಹೊತ್ತಿನ ನಡಿಗೆಯಲ್ಲಿ. ಓಡಾಟಕ್ಕೆ ಬಾಡಿಗೆ ಸ್ಕೂಟರ್ ಅಥವಾ ಸೈಕಲ್ ಸಾಕು. ಚಾಲನಾ ಪರವಾನಗಿ ಜೊತೆಯಲ್ಲಿರಲಿ. ಹಿರಿಯರು ಜೊತೆಗಿದ್ದರೆ ಇಡೀ ದಿನಕ್ಕೆ ಆಟೋ ಗೊತ್ತು ಮಾಡಿಕೊಳ್ಳುವುದು ಒಳ್ಳೆಯದು, ಮತ್ತು ಹತ್ತುವ ಮೊದಲೇ ಯಾವ ಯಾವ ಸ್ಥಳ, ಎಷ್ಟು ಹೊತ್ತು ಎಂಬುದನ್ನು ಮಾತಾಡಿಕೊಳ್ಳಬೇಕು.

ನಾಲ್ಕನೆಯ ಹೆಜ್ಜೆ: ಗಂಗೇಶ್ವರ

ಪಟ್ಟಣದಿಂದ ಸುಮಾರು 3 ಕಿಲೋಮೀಟರ್ ದೂರದ ಫುದಮ್ ಹಳ್ಳಿಯ ಅಂಚಿನಲ್ಲಿ ಮೆಟ್ಟಿಲಿಳಿದು ಹೋದರೆ, ಕಡಲ ಬಂಡೆಗಳ ನಡುವಿನ ತಗ್ಗಿನಲ್ಲಿ ಐದು ಲಿಂಗಗಳಿವೆ. ಗಾತ್ರದಲ್ಲಿ ಒಂದರಂತೆ ಒಂದಿಲ್ಲ. ವನವಾಸದ ಕಾಲದಲ್ಲಿ ಇಲ್ಲಿಗೆ ಬಂದ ಪಾಂಡವರು ನಿತ್ಯಪೂಜೆಗಾಗಿ ತಮ್ಮ ತಮ್ಮ ಅಳತೆಗೆ ತಕ್ಕಂತೆ ಒಂದೊಂದು ಲಿಂಗ ಸ್ಥಾಪಿಸಿದರು ಎಂಬುದು ಐತಿಹ್ಯ. ದೊಡ್ಡ ಲಿಂಗವನ್ನು ತೋರಿಸಿ ಇದು ಭೀಮನದು ಎಂದು ಹೇಳುತ್ತಾರೆ. ಮೇಲಿನ ಬಂಡೆಯಲ್ಲಿ ಹೆಡೆಬಿಚ್ಚಿದ ಶೇಷನ ಕೆತ್ತನೆ. ಗರ್ಭಗುಡಿ, ಗೋಪುರ, ಪ್ರಾಕಾರ ಯಾವುದೂ ಇಲ್ಲ. ಉಬ್ಬರದಲ್ಲಿ ಅಲೆಗಳು ಬಂಡೆಯನ್ನು ದಾಟಿ ಲಿಂಗಗಳ ಮೇಲೆ ಹರಿದು, ಅರ್ಪಿಸಿದ ಹೂವು, ಬಿಲ್ವಪತ್ರೆಗಳನ್ನು ಒಯ್ದು, ಮತ್ತೆ ಬರಿಗಲ್ಲನ್ನು ಉಳಿಸಿ ಹಿಂದಕ್ಕೆ ಸರಿಯುತ್ತವೆ.

ಇದನ್ನು ಸರಿಯಾಗಿ ನೋಡುವ ಕ್ರಮ ಹೀಗಿದೆ. ಚೀಟಿಯಲ್ಲಿ ಬರೆದಿಟ್ಟ ಉಬ್ಬರದ ಹೊತ್ತಿಗೆ ಎರಡೂವರೆ ಮೂರು ಗಂಟೆ ಮೊದಲೇ ಅಲ್ಲಿರಿ. ಆಗ ನೀರು ಇನ್ನೂ ಕೆಳಗಿರುತ್ತದೆ. ಕೆಳಗಿಳಿದು ದರ್ಶನ ಮಾಡಿ, ಹೂವು ಏರಿಸಿ, ನೀರೆರೆಯಿರಿ. ನಂತರ ಮೇಲಿನ ಮೆಟ್ಟಿಲಿಗೆ ಬಂದು ಕುಳಿತುಬಿಡಿ. ಮೊದಲು ನೊರೆ ಮಾತ್ರ ಬರುತ್ತದೆ, ಆಮೇಲೆ ತೆಳುವಾದ ನೀರಿನ ಹಾಳೆ, ಕೊನೆಗೆ ಇಡೀ ಅಲೆ. ಹತ್ತು ನಿಮಿಷಕ್ಕೆ ಫೋಟೊ ತೆಗೆದು ಹೊರಡುವವರಿಗೆ ಈ ಏರುವಿಕೆ ಕಾಣುವುದೇ ಇಲ್ಲ. ಎರಡು ಗಂಟೆ ಸುಮ್ಮನೆ ಕುಳಿತರೆ ಪೂಜೆಯ ಕರ್ತೃತ್ವ ಮನುಷ್ಯನ ಕೈಯಿಂದ ಸಮುದ್ರಕ್ಕೆ ಹಸ್ತಾಂತರವಾಗುವುದು ಕಣ್ಣಿಗೇ ಕಾಣುತ್ತದೆ, ಮತ್ತು ದೀವ್‌ನಲ್ಲಿ ಒಂದೇ ಒಂದು ಕೆಲಸಕ್ಕೆ ಸಮಯವಿದೆ ಎನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಎಚ್ಚರಿಕೆಯ ಮಾತೂ ಇದೆ. ಬಂಡೆಗಳ ಮೇಲೆ ಪಾಚಿ ಇರುತ್ತದೆ. ಪಾದರಕ್ಷೆಯನ್ನು ಮೇಲೆಯೇ ಬಿಡುವುದರಿಂದ ಬರಿಗಾಲಿನಲ್ಲಿ ನಿಧಾನವಾಗಿ ಇಳಿಯಬೇಕು. ನೀರು ಏರತೊಡಗಿದ ಮೇಲೆ ಮಕ್ಕಳನ್ನು ಕೆಳಗೆ ಬಿಡಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಹೂವು ತಂದರೆ ಚೀಲವನ್ನು ಜೇಬಿಗೆ ಹಾಕಿಕೊಳ್ಳಿ, ಏಕೆಂದರೆ ಇಲ್ಲಿ ಬಿಟ್ಟದ್ದೆಲ್ಲ ಮುಂದಿನ ಅಲೆಗೆ ಕಡಲು ಸೇರುತ್ತದೆ. ಶಿವರಾತ್ರಿ ಮತ್ತು ಶ್ರಾವಣ ಸೋಮವಾರಗಳಲ್ಲಿ ಜನಸಂದಣಿ ಹೆಚ್ಚು. ಗುಜರಾತಿಗರೂ ನಮ್ಮಂತೆ ಅಮಾವಾಸ್ಯೆಗೆ ತಿಂಗಳು ಮುಗಿಸುವವರಾದ್ದರಿಂದ ನಮ್ಮ ಪಂಚಾಂಗದ ಶ್ರಾವಣವೇ ಅಲ್ಲಿನ ಶ್ರಾವಣ; ಬೇರೆ ಲೆಕ್ಕ ಬೇಡ.

ಐದನೆಯ ಹೆಜ್ಜೆ: ಕೋಟೆ, ಚರ್ಚುಗಳು, ಪಟ್ಟಣದ ಓಣಿಗಳು

ಇದಕ್ಕೆ ಒಂದು ಇಡೀ ದಿನ ಕೊಡಿ, ಮತ್ತು ಬೆಳಗ್ಗೆ ಕೋಟೆಯಿಂದ ಆರಂಭಿಸಿ. ಕೋಟೆಗೆ ಹೋಗುವ ಮುನ್ನ ಅದರ ಹಿಂದಿನ ಕಥೆ ಸ್ವಲ್ಪ ತಿಳಿದಿದ್ದರೆ ಕಲ್ಲುಗಳು ಮಾತಾಡುತ್ತವೆ. 1509ರ ಫೆಬ್ರವರಿಯಲ್ಲಿ ದೀವ್‌ನ ಎದುರಿನ ಕಡಲಿನಲ್ಲಿ ಪೋರ್ಚುಗೀಸ್ ವೈಸರಾಯ್ ಫ್ರಾನ್ಸಿಸ್ಕೊ ಡಿ ಅಲ್ಮೇಡಾನ ನೌಕಾಪಡೆ ಈಜಿಪ್ಟಿನ ಮಾಮ್ಲೂಕರು, ಗುಜರಾತಿನ ಸುಲ್ತಾನರು ಮತ್ತು ಕಲ್ಲಿಕೋಟೆಯ ಸಾಮೂದಿರಿಯ ಕೂಟವನ್ನು ಸೋಲಿಸಿತು. ಅರಬ್ಬೀ ಸಮುದ್ರದ ಮೇಲೆ ಪೋರ್ಚುಗೀಸರ ಹಿಡಿತ ಬಿಗಿಯಾಗಲು ಆ ಗೆಲುವು ದೊಡ್ಡ ಕಾರಣ. ಆದರೂ ದ್ವೀಪ ಅವರ ಕೈಗೆ ಸಿಕ್ಕಿದ್ದು 1535ರಲ್ಲಿ, ಮೊಘಲ್ ದೊರೆ ಹುಮಾಯೂನನ ದಾಳಿಗೆ ಸಿಲುಕಿದ ಗುಜರಾತಿನ ಸುಲ್ತಾನ ಬಹಾದುರ್ ಷಾ ನೆರವಿಗಾಗಿ ಕೋಟೆ ಕಟ್ಟಲು ಒಪ್ಪಿದಾಗ. ಎರಡೇ ವರ್ಷದಲ್ಲಿ, 1537ರಲ್ಲಿ, ಪೋರ್ಚುಗೀಸರ ಹಡಗಿಗೆ ಮಾತುಕತೆಗೆ ಹೋದ ಸುಲ್ತಾನ ಹೆಣವಾದ. 1538 ಮತ್ತು 1546ರಲ್ಲಿ ನಡೆದ ಎರಡು ದೊಡ್ಡ ಮುತ್ತಿಗೆಗಳನ್ನೂ ಕೋಟೆ ತಡೆದುಕೊಂಡಿತು. 1961ರ ಡಿಸೆಂಬರ್ 19ರಂದು ಭಾರತೀಯ ಸೇನೆಗೆ ಶರಣಾಗುವವರೆಗೆ ಪೋರ್ಚುಗೀಸರ ಆಳ್ವಿಕೆ ನಾನ್ನೂರು ವರ್ಷಕ್ಕೂ ಮಿಕ್ಕಿ ನಡೆಯಿತು.

ನೆಲದ ಕಡೆಯ ಕಂದಕವನ್ನು ದಾಟಿ ಒಳಹೊಕ್ಕರೆ ತುಕ್ಕು ಹಿಡಿದ ಫಿರಂಗಿಗಳು, ಬುರುಜುಗಳು, ದೀಪಸ್ತಂಭ. ಬುರುಜಿನ ಮೇಲೆ ನಿಂತರೆ ಸಮುದ್ರದ ಗಾಳಿ ಜೋರು. ಅಲ್ಲಲ್ಲಿ ತಡೆಗೋಡೆ ಕುಸಿದಿರುವುದರಿಂದ ಅಂಚಿಗೆ ಹೋಗಬೇಡಿ. ಒಳಗೆ ನೆರಳು ಕಡಿಮೆ, ಕುಡಿಯುವ ನೀರು ನೀವೇ ಒಯ್ಯಬೇಕು. ಹತ್ತೂವರೆಯೊಳಗೆ ಕೋಟೆ ಮುಗಿಸಿ ಚರ್ಚುಗಳ ಕಡೆಗೆ ನಡೆಯಿರಿ.

ಮೂರರಲ್ಲಿ ಮೊದಲು ಸಂತ ಪೌಲರ ಚರ್ಚಿಗೆ ಹೋಗಿ. ಯೇಸುಸಭೆಯ ಪಾದ್ರಿಗಳು 1601ರಲ್ಲಿ ಆರಂಭಿಸಿ 1610ರಲ್ಲಿ ಮುಗಿಸಿದ ಈ ಕಟ್ಟಡದ ಮುಂಭಾಗದಲ್ಲಿ ಸುರುಳಿಗಳು, ಚಿಪ್ಪಿನಾಕಾರಗಳು ತುಂಬಿವೆ. ಹಳೆಯ ಗೋವಾದ ಬೊಮ್ ಜೀಸಸ್ ಚರ್ಚನ್ನು ನೋಡಿದವರಿಗೆ ಅದರ ನೆನಪಾಗುತ್ತದೆ. ಒಳಗಿನ ಮರದ ಕೆತ್ತನೆಯನ್ನು ಆತುರವಿಲ್ಲದೆ ನೋಡಬೇಕು. ಇಲ್ಲಿ ಇಂದಿಗೂ ಆರಾಧನೆ ನಡೆಯುತ್ತದೆ. ಹಾಗಾಗಿ ಪೂಜೆಯ ಹೊತ್ತಿನಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು, ಮುಗಿದ ಮೇಲೆ ಸುತ್ತಾಡುವುದು ಸರಿ. ಕ್ಯಾಮೆರಾ ತೆಗೆಯುವ ಮುನ್ನ ಅನುಮತಿ ಕೇಳಿ, ಭುಜ ಮತ್ತು ಮೊಣಕಾಲು ಮುಚ್ಚುವ ಉಡುಪಿರಲಿ.

1598ರ ಸಂತ ಥಾಮಸರ ಚರ್ಚು ಈಗ ವಸ್ತುಸಂಗ್ರಹಾಲಯ. ಎತ್ತರದ ಬಿಳಿ ಗೋಡೆಗಳ ನಡುವೆ ಹಳೆಯ ಮರದ ಸಂತಪ್ರತಿಮೆಗಳು ನಿಂತಿವೆ. ಕೆಲವುಗಳ ಬಣ್ಣ ಉದುರಿದೆ, ಕೆಲವುಗಳ ಬೆರಳಿಲ್ಲ. ಆರಾಧನೆ ನಿಂತ ಮೇಲೆ ದೇವಮಂದಿರದಲ್ಲಿ ಉಳಿಯುವ ಮೌನ ಹೇಗಿರುತ್ತದೆ ಎಂಬುದು ಪೌಲರ ಚರ್ಚಿನಿಂದ ನೇರ ಇಲ್ಲಿಗೆ ಬಂದವರಿಗೆ ತಟ್ಟುತ್ತದೆ, ಆದ್ದರಿಂದಲೇ ಈ ಅನುಕ್ರಮ. ಅಸಿಸ್ಸಿಯ ಸಂತ ಫ್ರಾನ್ಸಿಸರ ಚರ್ಚು 1593ರದು, ಮೂರರಲ್ಲಿ ಹಳೆಯದು. ಮುಂದೆ ಆಸ್ಪತ್ರೆಯಾಗಿಯೂ ಬಳಕೆಯಾಯಿತು. ಹೊರಗಿನ ಮೆಟ್ಟಿಲುಗಳ ಮೇಲಿಂದ ಊರಿನ ನೋಟ ಚೆನ್ನಾಗಿದೆ.

ಮಧ್ಯಾಹ್ನ ಹನ್ನೆರಡೂವರೆಗೆ ನಾಯ್ಡಾ ಗುಹೆಗಳಲ್ಲಿರಬೇಕು. ಹೊತ್ತು ಇಷ್ಟು ನಿಖರವಾಗಿ ಹೇಳಲು ಕಾರಣವಿದೆ. ಪಟ್ಟಣದ ಕೋಟೆಗೋಡೆಯ ಹೊರಗಿರುವ ಈ ಗುಹೆಗಳು ಪೋರ್ಚುಗೀಸರು ಕಟ್ಟಡಕ್ಕಾಗಿ ಕಲ್ಲು ಕಡಿದು ತೆಗೆದಾಗ ಉಳಿದ ಪೊಳ್ಳುಗಳೆಂದು ಹೇಳಲಾಗುತ್ತದೆ. ಮೇಲ್ಛಾವಣಿಯ ತೂತುಗಳಿಂದ ಬೆಳಕು ಕಂಬದಂತೆ ನೇರವಾಗಿ ಇಳಿಯುವುದು ಸೂರ್ಯ ನೆತ್ತಿಗೆ ಬಂದಾಗ. ದೀವ್ ಸುಮಾರು 71 ಡಿಗ್ರಿ ರೇಖಾಂಶದಲ್ಲಿದೆ, ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿಯ ಲೆಕ್ಕದಲ್ಲಿ. ಆದ್ದರಿಂದ ಅಲ್ಲಿ ಸೂರ್ಯ ನೆತ್ತಿ ಸೇರುವುದು ಹನ್ನೆರಡಕ್ಕಲ್ಲ, ಹನ್ನೆರಡೂವರೆಯಿಂದ ಒಂದು ಗಂಟೆಯ ನಡುವೆ. ಇದೇ ಕಾರಣಕ್ಕೆ ಚಳಿಗಾಲದಲ್ಲಿ ಸೂರ್ಯೋದಯವೂ ಏಳು ದಾಟಿಯೇ.

ಗುಹೆಗಳಿಂದ ಹಿಂದಿರುಗುವಾಗ ಜಂಪಾ ಬಾಗಿಲಿನಲ್ಲಿ ನಿಂತು ಸಿಂಹ, ದೇವದೂತರ ಉಬ್ಬುಶಿಲ್ಪಗಳನ್ನು ನೋಡಿ, ನಗರ ಶೇಠ್ ಹವೇಲಿಯ ಓಣಿಯನ್ನು ಹಾದು ಬನ್ನಿ. ಮನೆಗಳು ಬೀಗ ಹಾಕಿರುವುದನ್ನು ಗಮನಿಸುವಿರಿ. 1961ಕ್ಕೆ ಮೊದಲು ಇಲ್ಲಿ ಹುಟ್ಟಿದವರಿಗೆ ಮತ್ತು ಅವರ ಸಂತತಿಗೆ ಪೋರ್ಚುಗಲ್ಲಿನ ಪೌರತ್ವ ಪಡೆಯಲು ಅವಕಾಶವಿರುವುದರಿಂದ ಅನೇಕ ಕುಟುಂಬಗಳು ಪೋರ್ಚುಗಲ್ಲಿಗೂ ಇಂಗ್ಲೆಂಡಿಗೂ ಹೋಗಿ ನೆಲೆಸಿವೆ. ಊರಿನ ನಿಶ್ಶಬ್ದಕ್ಕೆ ಇದೂ ಒಂದು ಕಾರಣ ಎಂಬುದನ್ನು ತಿಳಿದು ನಡೆದರೆ ಆ ಬಾಗಿಲುಗಳನ್ನು ಬರೀ ಫೋಟೊದ ಹಿನ್ನೆಲೆಯಾಗಿ ನೋಡಲು ಮನಸ್ಸಾಗುವುದಿಲ್ಲ.

ಆರನೆಯ ಹೆಜ್ಜೆ: ಜಲಂಧರ, ಚಕ್ರತೀರ್ಥ, ಖುಕ್ರಿ

ಪಟ್ಟಣದ ದಕ್ಷಿಣಕ್ಕೆ ಬಂಡೆಗಳಿಂದ ಕೂಡಿದ ಎರಡು ದಂಡೆಗಳು ಒಂದರ ಪಕ್ಕ ಒಂದಿವೆ. ಇವು ಈಜುವುದಕ್ಕಲ್ಲ, ಸಂಜೆ ಕುಳಿತುಕೊಳ್ಳುವುದಕ್ಕೆ. ಜಲಂಧರ ದಂಡೆಯ ಮೇಲಿನ ಗುಡ್ಡದಲ್ಲಿ ಜಲಂಧರಾಸುರನ ಪುಟ್ಟ ಗುಡಿಯಿದೆ. ನಮ್ಮಲ್ಲಿ ಉತ್ಥಾನ ದ್ವಾದಶಿಯಂದು ತುಳಸಿಕಟ್ಟೆಗೆ ನೆಲ್ಲಿಕೊಂಬೆ ನೆಟ್ಟು ಪೂಜಿಸುವವರೆಲ್ಲರಿಗೂ ಈ ಅಸುರ ಗೊತ್ತಿರಬೇಕಾದವನೇ: ತುಳಸಿಯಾದ ವೃಂದೆಯ ಗಂಡ ಅವನು. ಅವನ ವಧೆ ಈ ತೀರದಲ್ಲೇ ನಡೆಯಿತೆಂದೂ, ಕೊಂದ ಚಕ್ರದ ನೆನಪಿಗೆ ಪಕ್ಕದ ದಂಡೆಗೆ ಚಕ್ರತೀರ್ಥವೆಂಬ ಹೆಸರು ಬಂತೆಂದೂ ಊರಿನವರ ನಂಬಿಕೆ. ಸೋತವನಿಗೂ ಗುಡಿ ಕಟ್ಟಿ ದೀಪವಿಡುವ ಈ ಔದಾರ್ಯ ನನ್ನ ಮನಸ್ಸಿನಲ್ಲಿ ಉಳಿದಿದೆ.

ಚಕ್ರತೀರ್ಥದ ಗುಡ್ಡದ ಮೇಲೆ ಐಎನ್ಎಸ್ ಖುಕ್ರಿ ಸ್ಮಾರಕವಿದೆ. 1971ರ ಡಿಸೆಂಬರ್ 9ರ ರಾತ್ರಿ ದೀವ್ ಎದುರಿನ ಕಡಲಿನಲ್ಲಿ ಪಾಕಿಸ್ತಾನದ ಜಲಾಂತರ್ಗಾಮಿ ಹ್ಯಾಂಗೋರ್ ಹೊಡೆದ ಟಾರ್ಪೆಡೊದಿಂದ ಈ ಯುದ್ಧನೌಕೆ ಮುಳುಗಿತು. 18 ಅಧಿಕಾರಿಗಳು ಮತ್ತು 176 ನಾವಿಕರು ಪ್ರಾಣ ಕಳೆದುಕೊಂಡರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗನ್ನು ಬಿಟ್ಟುಹೋಗದೆ ಅದರೊಂದಿಗೇ ಮುಳುಗಿದರು. ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಸಂದಿತು. ಗಾಜಿನ ಪೆಟ್ಟಿಗೆಯಲ್ಲಿ ಹಡಗಿನ ಮಾದರಿ ಸಮುದ್ರಕ್ಕೆ ಮುಖ ಮಾಡಿ ನಿಂತಿದೆ. ಅದೇ ಹೆಸರು ಹೊತ್ತು ಮುಂದೆ ಸೇವೆ ಸಲ್ಲಿಸಿದ ಮತ್ತೊಂದು ನೌಕೆಯನ್ನು ನಿವೃತ್ತಿಯ ನಂತರ 2022ರಲ್ಲಿ ವಸ್ತುಸಂಗ್ರಹಾಲಯವಾಗಿಸಲು ದೀವ್ ಆಡಳಿತಕ್ಕೆ ಒಪ್ಪಿಸಲಾಯಿತು. ಸೂರ್ಯಾಸ್ತಕ್ಕೆ ಮುಕ್ಕಾಲು ಗಂಟೆ ಮೊದಲು ಇಲ್ಲಿಗೆ ಬನ್ನಿ. ಸೆಲ್ಫಿಯ ಉತ್ಸಾಹವನ್ನು ಇಲ್ಲೊಂದಿಷ್ಟು ತಡೆದಿಟ್ಟುಕೊಳ್ಳಿ.

ಪಾರ್ಸಿಗಳ ಪರಂಪರಾಗತ ಕಥನದ ಪ್ರಕಾರ, ಇರಾನಿನಿಂದ ಹೊರಟ ಅವರ ಪೂರ್ವಿಕರು ಮೊದಲು ನೆಲೆನಿಂತದ್ದು ದೀವ್‌ನಲ್ಲೇ. 19 ವರ್ಷ ಇಲ್ಲಿದ್ದು ನಂತರ ಗುಜರಾತಿನ ಸಂಜಾಣಕ್ಕೆ ತೆರಳಿದರು. ಅವರ ಮೌನಗೋಪುರದ ಅವಶೇಷ ಇಲ್ಲಿದೆ. ಅಂತ್ಯಸಂಸ್ಕಾರಕ್ಕೆ ಸಂಬಂಧಿಸಿದ ಸ್ಥಳವಾದ್ದರಿಂದ ದೂರದಿಂದ ನೋಡಿ ಬರುವುದೇ ಮರ್ಯಾದೆ.

ಏಳನೆಯ ಹೆಜ್ಜೆ: ದಂಡೆಗಳ ಆಯ್ಕೆ

ನಾಗ್ವಾ ದಂಡೆ ಕುದುರೆ ಲಾಳದ ಆಕಾರದ ಕೊಲ್ಲಿಯಲ್ಲಿದೆ. ಅಲೆ ಸೌಮ್ಯ, ನೀರಾಟದ ಬೋಟುಗಳು ಇರುವುದೂ ಇಲ್ಲೇ. ಬೆಳಗ್ಗೆ ಒಂಬತ್ತರೊಳಗೆ ಹೋದರೆ ಬೋಟುಗಳ ಸದ್ದಿರುವುದಿಲ್ಲ. ದಂಡೆಯ ಹಿಂದೆ ಕವಲೊಡೆದ ತಾಳೆಮರಗಳ ತೋಪಿದೆ. ತಾಳೆ, ತೆಂಗು, ಅಡಿಕೆಗಳ ಒಂಟಿ ಕಾಂಡವನ್ನೇ ನೋಡಿ ಬೆಳೆದ ನಮಗೆ, ವೈ ಅಕ್ಷರದಂತೆ ಮತ್ತೆ ಮತ್ತೆ ಕವಲಾಗುವ ಈ ಮರ ವಿಚಿತ್ರವೆನಿಸುತ್ತದೆ. ಊರಿನವರು ಇದನ್ನು ಹೋಕಾ ಎನ್ನುತ್ತಾರೆ. ಪೋರ್ಚುಗೀಸರು ಆಫ್ರಿಕಾದಿಂದ ತಂದದ್ದೆಂಬ ಮಾತು ಪ್ರಚಲಿತವಾಗಿದ್ದರೂ ಹೈಫೀನಿ ಡೈಕಾಟೊಮಾ ಎಂಬ ಈ ಜಾತಿಯನ್ನು ಸಸ್ಯವಿಜ್ಞಾನಿಗಳು ಪಶ್ಚಿಮ ಭಾರತದ ಸ್ವಂತ ಮರವೆಂದೇ ಎಣಿಸುತ್ತಾರೆ.

ಚಿಕ್ಕ ಮಕ್ಕಳಿರುವವರಿಗೆ ಘೋಘ್ಲಾ ಸೂಕ್ತ. ಸ್ವಚ್ಛ, ಸುರಕ್ಷಿತ ದಂಡೆಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಎಂಬ ಅಂತರರಾಷ್ಟ್ರೀಯ ಮನ್ನಣೆಯನ್ನು 2020ರಲ್ಲಿ ಪಡೆದ ಈ ದಂಡೆಯಲ್ಲಿ ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಜೀವರಕ್ಷಕರ ವ್ಯವಸ್ಥೆ ಇದೆ. ಏಕಾಂತವೇ ಬೇಕೆನ್ನುವವರು ಪಶ್ಚಿಮ ತುದಿಯ ಗೋಮತಿ ಮಾತಾ ದಂಡೆಗೆ ಹೋಗಲಿ. ಅಲ್ಲಿ ಅಂಗಡಿಗಳ ಸಾಲಿಲ್ಲ, ಅಲೆಯ ಸೆಳೆತ ಹೆಚ್ಚು. ಮೊಣಕಾಲಿಗಿಂತ ಆಳಕ್ಕೆ ಇಳಿಯಬೇಡಿ, ಒಬ್ಬರೇ ಇದ್ದಾಗ ನೀರಿಗೇ ಇಳಿಯಬೇಡಿ. ಅಲ್ಲಿಂದ ಮುಂದಕ್ಕೆ ವಣಾಕ್‌ಬಾರಾ ಎಂಬ ಮೀನುಗಾರರ ಊರು. ಬೆಳಗಿನ ಹೊತ್ತು ದೋಣಿಗಳು ಬಂದು ಮೀನು ಇಳಿಸುವುದು, ದಡದಲ್ಲಿ ಮರದ ದೋಣಿ ಕಟ್ಟುವುದು, ಸಾಲು ಸಾಲಾಗಿ ಮೀನು ಒಣಹಾಕುವುದು ಇಲ್ಲಿನ ನಿತ್ಯದ ಬದುಕು. ಕೆಲಸಕ್ಕೆ ಅಡ್ಡ ಬಾರದಂತೆ ನಿಂತು ನೋಡಿ. ಮುಖಗಳ ಫೋಟೊ ಕೇಳದೆ ತೆಗೆಯಬೇಡಿ.

ಊಟಕ್ಕೆ ಚಿಂತೆಯಿಲ್ಲ. ಮೀನು ತಿನ್ನುವವರಿಗೆ ತಾಜಾ ಮೀನು, ಸಸ್ಯಾಹಾರಿಗಳಿಗೆ ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿಗೆ ಹತ್ತಿರದ ಪಲ್ಯ, ಬೆಳ್ಳುಳ್ಳಿ ಚಟ್ನಿ, ಮಜ್ಜಿಗೆಯ ಕಾಠಿಯಾವಾಡಿ ಊಟ. ನಮ್ಮ ಉತ್ತರ ಕರ್ನಾಟಕದವರಿಗೆ ಇದು ಅಪರಿಚಿತವೆನಿಸುವುದಿಲ್ಲ. ಗುಜರಾತಿ ಬಾರದಿದ್ದರೆ ಹಿಂದಿಯಲ್ಲಿ ಎಲ್ಲ ವ್ಯವಹಾರವೂ ನಡೆಯುತ್ತದೆ.

ಎಂಟನೆಯ ಹೆಜ್ಜೆ: ಹಿಂದಿರುಗುವುದು

ಶುಕ್ರವಾರ ಬೆಳಗ್ಗೆ ಎಂಟಕ್ಕೆ ದ್ವೀಪ ಬಿಡಿ. ಹೊರಡುವ ಮುನ್ನ ಚೀಲಗಳನ್ನು ಒಮ್ಮೆ ನೋಡಿಕೊಳ್ಳಿ: ದೀವ್‌ನಿಂದ ಒಂದು ಬಾಟಲಿ ಮದ್ಯವನ್ನೂ ಗುಜರಾತಿನೊಳಕ್ಕೆ ಒಯ್ಯುವಂತಿಲ್ಲ. ಗಡಿಯಲ್ಲಿ ಪೊಲೀಸರು ವಾಹನ ತಪಾಸಣೆ ಮಾಡುತ್ತಾರೆ, ಸಿಕ್ಕಿಬಿದ್ದರೆ ಮೊಕದ್ದಮೆಯಾಗುತ್ತದೆ. ಜೊತೆಗಾರರ ಚೀಲದಲ್ಲಿತ್ತು, ನಮಗೆ ಗೊತ್ತಿರಲಿಲ್ಲ ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಬಾಡಿಗೆ ಕಾರಾದರೆ ಚಾಲಕರಿಗೂ ಮೊದಲೇ ಹೇಳಿಬಿಡಿ.

ಸೋಮನಾಥಕ್ಕೆ ಸುಮಾರು ಎರಡೂವರೆ ಗಂಟೆಯ ದಾರಿ. ಜ್ಯೋತಿರ್ಲಿಂಗದ ದೇವಾಲಯದಲ್ಲಿ ಆರತಿ ನಡೆಯುವುದು ಬೆಳಗ್ಗೆ 7, ಮಧ್ಯಾಹ್ನ 12 ಮತ್ತು ಸಂಜೆ 7 ಗಂಟೆಗೆ. ಎಂಟಕ್ಕೆ ಹೊರಟವರು ಮಧ್ಯಾಹ್ನದ ಆರತಿಗೆ ಸರಿಯಾಗಿ ತಲುಪುತ್ತಾರೆ. ಮೊಬೈಲು, ಕ್ಯಾಮೆರಾ ಒಳಗೆ ಒಯ್ಯುವಂತಿಲ್ಲವಾದ್ದರಿಂದ ಅವುಗಳನ್ನು ಒಪ್ಪಿಸುವ ಸಾಲಿಗೆ ಅರ್ಧ ಗಂಟೆ ಮೀಸಲಿಡಿ. ಈಗಿನ ದೇವಾಲಯದಲ್ಲಿ 1951ರ ಮೇ 11ರಂದು ರಾಷ್ಟ್ರಪತಿ ರಾಜೇಂದ್ರ ಪ್ರಸಾದರ ಸಮ್ಮುಖದಲ್ಲಿ ಪ್ರಾಣಪ್ರತಿಷ್ಠೆ ನಡೆಯಿತು. ಆರತಿಯ ನಂತರ ವೆರಾವಲ್ ಕಡೆಗೆ ಹೋಗುವಾಗ, ಬೇಡನ ಬಾಣ ಕೃಷ್ಣನ ಪಾದಕ್ಕೆ ತಾಗಿತೆಂದು ನಂಬಲಾದ ಭಾಲ್ಕಾ ತೀರ್ಥ ದಾರಿಯಲ್ಲೇ ಸಿಗುತ್ತದೆ. ರಾತ್ರಿಯ ರೈಲಿದ್ದರೆ ಅಲ್ಲಿ ಒಂದು ಗಂಟೆ ಕಳೆಯಲು ಧಾರಾಳವಾಗಿ ಸಮಯವಿರುತ್ತದೆ.